ಅಂಕಿತ ಕಳಚಿದರೆ ಅನುಭಾವದ ಕೊಂಡಿ ಕಳಚೀತು



ಈ ಸಲ ಒಂದು ವಚನವನ್ನು ವ್ಯಾಖ್ಯಾನಿಸುವ ಬದಲು, ವ್ಯಾಖ್ಯಾನವೆಂಬ ಕಾಯಕವನ್ನೇ ಕುರಿತು ಕೆಲವು ನಿಷ್ಠುರದ ಮಾತುಗಳನ್ನು ಹೇಳಬೇಕಾಗಿದೆ. ಇಂದು ವಚನಗಳ ಪ್ರಚಾರಕ್ಕೆ ಕೊರತೆಯಿಲ್ಲ. ದಿನದರ್ಶಿಕೆಯಲ್ಲಿ ವಚನ, ಲಗ್ನಪತ್ರಿಕೆಯಲ್ಲಿ ವಚನ, ಶಾಲೆಯ ಗೋಡೆಯ ಮೇಲೆ ವಚನ, ವೇದಿಕೆ ಏರಿದವರ ಬಾಯಲ್ಲಿ ವಚನ. ಆದರೆ ಇವುಗಳಲ್ಲಿ ಎಷ್ಟರ ಕೆಳಗೆ ವಚನಕಾರರ ಹೆಸರಿರುತ್ತದೆ? ಆ ಮಾತು ಯಾರ ಪ್ರಶ್ನೆಗೆ ಉತ್ತರವಾಗಿ ಹುಟ್ಟಿತೆಂಬ ಸೂಚನೆಯಾದರೂ ಇರುತ್ತದೆಯೇ? ಅಂಕಿತವನ್ನು ಕತ್ತರಿಸಿ, ನಡುವಿನ ಎರಡು ಸಾಲನ್ನು ಎತ್ತಿ, ಕೆಳಗೆ 'ಬಸವವಾಣಿ' ಎಂದು ಬರೆದುಬಿಟ್ಟರೆ ಕೆಲಸ ಮುಗಿಯಿತೆಂಬ ಭಾವನೆ ಬೇರೂರಿದೆ. ವ್ಯಾಖ್ಯಾನ ಬರೆಯುವವರಾದರೂ ಮುನ್ನಿನವರ ವ್ಯಾಖ್ಯಾನವನ್ನು ನೆನೆಯುವರೇ ಎಂದರೆ, ಅದೂ ಅಪರೂಪ. ಅರ್ಥವನ್ನು ಅವರಿಂದ ಪಡೆಯುತ್ತಾರೆ, ಹೆಸರನ್ನು ಅಲ್ಲಿಯೇ ಬಿಟ್ಟು ಬರುತ್ತಾರೆ.

'ಮಾತು ಮುಖ್ಯ, ಆಡಿದವರು ಯಾರಾದರೇನು?' ಎಂದು ಕೇಳುವವರುಂಟು. ಕೇಳಲು ಇದು ವೈರಾಗ್ಯದ ಮಾತಿನಂತಿದೆ. ಆದರೆ ಶರಣರ ನಡೆ ಹೀಗಿರಲಿಲ್ಲ.

ದೂರ ಹೋಗುವುದು ಬೇಡ. ನಮ್ಮ ದೋರನಹಳ್ಳಿ ಇರುವ ಈ ಶಹಾಪುರ-ಸುರಪುರ ಸೀಮೆಯ ಮುದನೂರನ್ನೇ ನೋಡೋಣ. ಅದು ನೇಯ್ಗೆಯ ಕಾಯಕದ ದಾಸಿಮಯ್ಯನವರ ಊರು. ಅಲ್ಲಿಯ ದೈವ ರಾಮನಾಥ, ಅವರ ಅಂಕಿತವೂ ರಾಮನಾಥ. ಅವರ ಸತಿ ದುಗ್ಗಳೆ ತಾಯಿಯವರ ಅಂಕಿತವೇನು? 'ದಾಸಯ್ಯಪ್ರಿಯ ರಾಮನಾಥ'. ತಮ್ಮ ಅನುಭಾವ ಯಾರ ಅನುಭಾವದೊಡನೆ ಬೆಸೆದುಕೊಂಡಿದೆ ಎಂಬುದನ್ನು ಆ ತಾಯಿ ಅಂಕಿತದಲ್ಲಿಯೇ ಬರೆದಿಟ್ಟಿದ್ದಾರೆ. ಅಷ್ಟೇ ಅಲ್ಲ, ತಮಗೆ ಯಾವ ಪ್ರಸಾದ ಯಾರಿಂದ ದೊರೆಯಿತೆಂಬುದನ್ನು ಬಸವಣ್ಣ, ಚೆನ್ನಬಸವಣ್ಣ, ಪ್ರಭುದೇವ ಎಂದು ಒಬ್ಬೊಬ್ಬರ ಹೆಸರು ಹಿಡಿದು ಒಂದು ವಚನದಲ್ಲಿ ಹೇಳುತ್ತಾರೆ. ಪಡೆದದ್ದನ್ನು ಪಡೆದೆನೆಂದು ಹೇಳುವುದು ಅವರಿಗೆ ಹಂಗೆನಿಸಲಿಲ್ಲ, ಭಕ್ತಿಯೆನಿಸಿತು.

ಇದು ಒಬ್ಬರ ಕಥೆಯಲ್ಲ. ಕೃಷ್ಣೆಯ ಆಚೆ ದಡದ ಲಿಂಗಸುಗೂರು ಸೀಮೆಯ ಆಯ್ದಕ್ಕಿ ಮಾರಯ್ಯನವರ ಅಂಕಿತ 'ಅಮರೇಶ್ವರಲಿಂಗ'. ಲಕ್ಕಮ್ಮ ತಾಯಿಯದು 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ಅಕ್ಕನಾಗಮ್ಮನವರದು 'ಬಸವಣ್ಣಪ್ರಿಯ ಚೆನ್ನಸಂಗಯ್ಯ'. ಮೋಳಿಗೆ ಮಾರಯ್ಯನವರದು 'ನಿಃಕಳಂಕ ಮಲ್ಲಿಕಾರ್ಜುನ'. ಅವರ ಸತಿ ಮಹಾದೇವಿಯವರ ಅಂಕಿತದಲ್ಲಿ 'ಎನ್ನಯ್ಯಪ್ರಿಯ' ಎಂಬ ಮಾತು ಸೇರಿದೆ. ಒಂದು ವಚನವನ್ನು ಓದಿದವನು ಇನ್ನೊಬ್ಬರ ವಚನಕ್ಕೆ ಹೋಗುವಂತೆ ಅಂಕಿತವೇ ದಾರಿ ತೋರುತ್ತದೆ. ಇದನ್ನು ಕತ್ತರಿಸುವವರು ಸಾಲು ಉಳಿಸಿ ದಾರಿ ಮುಚ್ಚುತ್ತಾರೆ.

ಇನ್ನು ಸಂದರ್ಭದ ಮಾತು. ಮಾರಯ್ಯನವರು ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮ ತಾಯಿ ಒಪ್ಪಲಿಲ್ಲ; ಇದು ಆಸೆ, ತಿರುಗಿ ಅಲ್ಲಿಯೇ ಸುರಿದು ಬನ್ನಿ ಎಂದರು. ಈ ಪ್ರಸಂಗವನ್ನು ತೆಗೆದುಹಾಕಿ ಅವರ ಮಾತನ್ನಷ್ಟೇ ಗೋಡೆಗೆ ಬರೆದರೆ ಅದು 'ದುರಾಸೆ ಬೇಡ' ಎಂಬ ಸಾಮಾನ್ಯ ನೀತಿವಾಕ್ಯವಾಗುತ್ತದೆ. ಪ್ರಸಂಗದೊಡನೆ ಓದಿದರೆ, ಸತಿ ಪತಿಯನ್ನು ತಿದ್ದಿದ್ದು, ಪತಿ ತಿದ್ದಿಸಿಕೊಂಡದ್ದು, ಬಡವರ ಮನೆಯೊಳಗೆ ಕಾಯಕದ ತತ್ತ್ವ ನಿಕಷಕ್ಕೆ ಬಂದದ್ದು ಎಲ್ಲವೂ ಕಾಣುತ್ತವೆ. ಹೇಳಿದವರ ಹೆಸರಿಲ್ಲದೆ, ಕೇಳಿದವರ ಹೆಸರಿಲ್ಲದೆ ಇವುಗಳಲ್ಲಿ ಒಂದೂ ಉಳಿಯದು.

ಹೆಸರು ಬಿಟ್ಟರೆ ನಷ್ಟವಾಗುವುದು ಯಾರಿಗೆಂಬುದನ್ನೂ ಯೋಚಿಸಬೇಕು. ಬಸವಣ್ಣನವರಿಗಲ್ಲ. ಹೆಸರಿಲ್ಲದ ವಚನಗಳೆಲ್ಲ ಹೋಗಿ ಸೇರುವುದು ಅವರ ಲೆಕ್ಕಕ್ಕೇ. ಕಳೆದುಹೋಗುವವರು ಲಕ್ಕಮ್ಮ, ದುಗ್ಗಳೆ, ಸತ್ಯಕ್ಕ, ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ. ಕೆಲವೇ ವಚನಗಳಿಂದ ಮಾತ್ರ ಉಳಿದಿರುವ ಬಡ ಕಾಯಕಜೀವಿಗಳು. ಮಾದಾರ ಚೆನ್ನಯ್ಯನವರನ್ನೂ ಡೋಹರ ಕಕ್ಕಯ್ಯನವರನ್ನೂ ಹೆಸರು ಹಿಡಿದು ಬಂಧುಗಳೆಂದು ಕರೆದ ಮಹಾನುಭಾವರ ಹೆಸರಿನಲ್ಲಿಯೇ ಇಂಥವರ ಹೆಸರನ್ನು ಅಳಿಸುವುದು ಬಸವಭಕ್ತಿಯೇ?

'ಬಸವ ವಚನ ದೀಪ್ತಿ' ಎಂಬ ಗ್ರಂಥದಲ್ಲಿ ಕೂಡಲಸಂಗಮದೇವ ಎಂಬ ಅಂಕಿತವನ್ನು ಲಿಂಗದೇವ ಎಂದು ಬದಲಿಸಿದಾಗ ನಾಡಿನಲ್ಲಿ ಎಂಥ ಕೋಲಾಹಲವಾಯಿತೆಂಬುದು ತಮಗೆ ತಿಳಿದಿದೆ. 1998ರಲ್ಲಿ ರಾಜ್ಯ ಸರ್ಕಾರ ಆ ಗ್ರಂಥವನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸುಪ್ರೀಂ ಕೋರ್ಟ್ ಆ ಕ್ರಮವನ್ನು ಎತ್ತಿಹಿಡಿಯಿತು. ಅಂಕಿತ ಬದಲಾಯಿತೆಂದು ಕೆರಳಿದ ಜನ, ದಿನವೂ ಅಂಕಿತವನ್ನೇ ಕಿತ್ತೆಸೆಯುವುದನ್ನು ಕಂಡು ಸುಮ್ಮನಿರುವುದು ಯಾವ ನ್ಯಾಯ?

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದುದು. 'ಒಬ್ಬರ ವ್ಯಾಖ್ಯಾನವನ್ನು ಹೆಸರಿಸಿ ಮತ್ತೊಬ್ಬರು ಒರೆಗೆ ಹಚ್ಚತೊಡಗಿದರೆ ವಾದ ಬೆಳೆಯುತ್ತದೆ, ಭಕ್ತಿ ಕೆಡುತ್ತದೆ' ಎನ್ನುತ್ತಾರೆ. ವಾದಕ್ಕಾಗಿ ವಾದ ಮಾಡುವವರು ಇದ್ದಾರೆಂಬುದು ನಿಜವೇ. ಆದರೆ ಶೂನ್ಯಸಂಪಾದನೆಯನ್ನು ತೆರೆದು ನೋಡಿ. ಅದು ಆರಂಭದಿಂದ ಅಂತ್ಯದವರೆಗೆ ಪ್ರಶ್ನೆ, ಪ್ರತ್ಯುತ್ತರಗಳ ಮಾಲೆ. ಪ್ರಭುದೇವರು ಬಸವಣ್ಣನವರನ್ನು ಕೇಳುತ್ತಾರೆ, ಸಿದ್ಧರಾಮರನ್ನು ಕೆಣಕುತ್ತಾರೆ, ಅಕ್ಕನನ್ನು ಪರೀಕ್ಷಿಸುತ್ತಾರೆ. ಬಿಡಿಬಿಡಿಯಾಗಿದ್ದ ವಚನಗಳನ್ನು ಸಂಪಾದನಕಾರರು ಸಣ್ಣ ಗದ್ಯದ ಎಳೆಗಳಿಂದ ಹೆಣೆದು, ಯಾರ ಮಾತಿಗೆ ಯಾರ ಮಾತು ಉತ್ತರವೆಂದು ತೋರಿಸಿದರು. ಆ ಎಳೆಗಳೇ ಆ ಮಹಾಗ್ರಂಥದ ಪ್ರಾಣ.

ಆ ಗ್ರಂಥ ಬೆಳೆದ ಬಗೆಯೂ ಪಾಠವೇ. ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಸಂಕಲಿಸಿದರು. ಅನಂತರ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ಪರಿಷ್ಕರಿಸಿದರು. ಮೊದಲನೆಯದರಲ್ಲಿ ಇಲ್ಲದ ಸಿದ್ಧರಾಮಯ್ಯನವರ ದೀಕ್ಷೆಯಂಥ ಪ್ರಸಂಗಗಳನ್ನು ನಂತರದವರು ಸೇರಿಸಿದರು. ಈ ಸೇರ್ಪಡೆಯನ್ನು ಒಪ್ಪದವರು ಇಂದಿಗೂ ಇದ್ದಾರೆ. ಹಿಂದಿನ ಪಾಠಗಳೂ ಉಳಿದು ಬಂದುದರಿಂದಲೇ ಒಪ್ಪಲು, ಒಪ್ಪದಿರಲು ನಮಗೆ ಆಧಾರವಿದೆ. ಮಾತಿಗೆ ಮಾತು ಸೇರಿದ್ದರಿಂದ ಪರಂಪರೆ ಕೆಡಲಿಲ್ಲ, ಬೆಳೆಯಿತು.

ಮತ್ತೆ ಮುದನೂರಿಗೆ ಬರೋಣ. ದಾಸಿಮಯ್ಯನವರು ಚಾಲುಕ್ಯ ಜಯಸಿಂಹನ ರಾಣಿ ಸುಗ್ಗಲೆಗೆ ಗುರುವಾಗಿದ್ದರೆಂಬ ಕಥೆಯನ್ನು ಹಿಡಿದರೆ ಅವರ ಕಾಲ 11ನೆಯ ಶತಮಾನವಾಗುತ್ತದೆ. ದುಗ್ಗಳೆ ತಾಯಿಯ ವಚನವಾದರೋ 12ನೆಯ ಶತಮಾನದ ಬಸವಾದಿ ಪ್ರಮಥರನ್ನು ಹೆಸರಿಸುತ್ತದೆ. ದೇವರ ದಾಸಿಮಯ್ಯ, ಜೇಡರ ದಾಸಿಮಯ್ಯ ಇಬ್ಬರೇ, ಒಬ್ಬರೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಈ ಗಂಟನ್ನು ಬಿಡಿಸುವ ದಾರಿ ಯಾವುದು? ಒಂದು ಪಕ್ಷದವರು ಇನ್ನೊಂದು ಪಕ್ಷದ ಬರಹವನ್ನು ಕಂಡೂ ಕಾಣದಂತೆ ಬರೆದರೆ ನೂರು ಪುಸ್ತಕಗಳಾದರೂ ಗಂಟು ಹಾಗೆಯೇ ಇರುತ್ತದೆ. ಇಂಥವರು ಹೀಗೆಂದಿದ್ದಾರೆ, ಅವರ ಆಧಾರ ಇದು, ನನ್ನ ಉತ್ತರ ಇದು ಎಂದು ಎದುರುಬದುರು ಇಟ್ಟಾಗ ಮಾತ್ರ ಓದುವ ಭಕ್ತನಿಗೆ ತೂಗಿ ನೋಡುವ ಅವಕಾಶ ದೊರೆಯುತ್ತದೆ.

ಸಾಧನಗಳಿಲ್ಲವೆಂಬ ನೆಪವೂ ಈಗ ಸಲ್ಲದು. ಫ. ಗು. ಹಳಕಟ್ಟಿಯವರು ತಾಳೆಗರಿಗಳನ್ನು ಅರಸಿ ಊರೂರು ತಿರುಗಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು. ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ 1926ರಿಂದ 'ಶಿವಾನುಭವ' ಪತ್ರಿಕೆಯನ್ನು ನಡೆಸಿದರು. ಇಂದು ಸಮಗ್ರ ವಚನ ಸಂಪುಟಗಳು 15 ಇವೆ. ಐದನೆಯದು ಶರಣೆಯರಿಗೇ ಮೀಸಲು, ಹದಿನೈದನೆಯದು ಪಾರಿಭಾಷಿಕ ಪದಕೋಶ. ಪ್ರತಿ ವಚನಕ್ಕೂ ಸಂಖ್ಯೆ ಇದೆ. ಅವರು ತಿರುಗಿದ ಊರುಗಳನ್ನು ನೆನೆದರೆ, ನಾವು ಪುಟ ತಿರುವಿ ಒಂದು ಸಂಖ್ಯೆ ಬರೆಯಲಾರೆವೆಂದು ಹೇಳಲು ನಾಚಿಕೆಯಾಗಬೇಕು.

ಆದುದರಿಂದ ಬರೆಯುವವರೂ ಓದುವವರೂ ಮೂರು ನೇಮಗಳನ್ನು ಪಾಲಿಸಬೇಕೆಂದು ವಿನಂತಿ. ಒಂದು, ವಚನವನ್ನು ಎಲ್ಲಿ ಬಳಸಿದರೂ ಅಂಕಿತ ಸಹಿತ ಪೂರ್ತಿಯಾಗಿ, ವಚನಕಾರರ ಹೆಸರು ಮತ್ತು ಸಂಪುಟದ ಸಂಖ್ಯೆಯೊಡನೆ ಕೊಡಬೇಕು. ಎರಡು, ಯಾರ ವ್ಯಾಖ್ಯಾನದಿಂದ ಬೆಳಕು ಪಡೆದೆವೋ, ಯಾರದನ್ನು ಒಪ್ಪಲಿಲ್ಲವೋ ಅವರನ್ನು ಹೆಸರಿಸಬೇಕು. ಬದುಕಿರುವವರಾದರೆ ಬರೆದುದನ್ನು ಅವರಿಗೆ ತಲುಪಿಸಬೇಕು. ಬೆನ್ನ ಹಿಂದೆ ಖಂಡಿಸುವುದು ಶರಣಧರ್ಮವಲ್ಲ. ಮೂರು, ಓದುಗರ ಆಕ್ಷೇಪ ಬಂದರೆ ಅದಕ್ಕೆ ವ್ಯಾಖ್ಯಾನದ ಪಕ್ಕದಲ್ಲಿಯೇ ಸ್ಥಳ ಕೊಟ್ಟು ಉತ್ತರಿಸಬೇಕು.

ಒಂದು ಎಚ್ಚರಿಕೆಯೂ ಬೇಕು. 'ಬಹಳ ಚೆನ್ನಾಗಿದೆ' ಎಂಬ ಹೊಗಳಿಕೆಯಿಂದ ಯಾವ ಕೊಂಡಿಯೂ ಬೆಸೆಯದು. ತನ್ನ ಹೆಸರು ಮೆರೆಯಲೆಂದು ಹಿರಿಯರ ಹೆಸರಿಗೆ ತಗಲಿಕೊಳ್ಳುವುದು ಅದಕ್ಕಿಂತಲೂ ಕೀಳು. ಮೂಲವನ್ನು ಓದಿ, ಒಂದು ಆಧಾರವನ್ನೋ ಒಂದು ಸಂದೇಹವನ್ನೋ ಸೇರಿಸುವ ಮಾತು ಮಾತ್ರ ಪ್ರತ್ಯುತ್ತರವೆನಿಸುತ್ತದೆ.

ಈ ತಿಂಗಳ ದಿನದರ್ಶಿಕೆಯಲ್ಲಿ ಅಂಕಿತವಿಲ್ಲದ ಒಂದು ಸಾಲು ಕಂಡರೆ ಅದನ್ನು ಸಂಪುಟಗಳಲ್ಲಿ ಹುಡುಕಿ ನೋಡಿರಿ. ಹೇಳಿದವರ ಹೆಸರು ಸಿಕ್ಕಿದೊಡನೆ ಪಕ್ಕದಲ್ಲಿ ಬರೆದಿಡಿರಿ. ಮನೆಯ ಮಕ್ಕಳಿಗೆ ಆ ಹೆಸರಿನೊಡನೆಯೇ ವಚನವನ್ನು ಕಲಿಸಿರಿ.