ಅತ್ತೆ ಹಾಡಿಗೆ ಯಾವ ಮೈಕು?

ನಮ್ಮತ್ತೆಗೆ 82 ವರ್ಷ. ಅವರಿಗೆ ಬರೋ ಹಸೆ ಹಾಡು, ಆರತಿ ಹಾಡು ನಮ್ಮನೇಲಿ ಯಾರೂ ಬರೆದಿಟ್ಟಿಲ್ಲ. ರೆಕಾರ್ಡ್ ಮಾಡೋಣ ಅಂದ್ರೆ ಮಗ ಕಂಡೆನ್ಸರ್ ಮೈಕೇ ಬೇಕು ಅಂದ. ಸ್ನೇಹಿತನ ಹತ್ರ ಇಸ್ಕೊಂಡು ಬಂದ. ಅತ್ತೆ ದನಿ ಸೊಗಸಾಗೇ ಬಂತು. ಜೊತೆಗೆ ಪಕ್ಕದ್ಮನೆ ಕುಕ್ಕರ್ ಸೀಟಿ, ಕಸದ ಗಾಡಿ ಹಾಡು, ನಮ್ಮ ಫ್ಯಾನು ಎಲ್ಲಾ ಬಂತು.

ಕಂಡೆನ್ಸರ್ ಬಲು ಸೂಕ್ಷ್ಮ, ಸ್ಟುಡಿಯೋಗೆ ಸರಿ. ಜಯನಗರದ ರಸ್ತೆ ಪಕ್ಕದ ಮನೆಗೆ ಡೈನಮಿಕ್ ಮೈಕೇ ವಾಸಿ ಅಂತೀನಿ. 1966ರಿಂದ ಇರೋ ಶ್ಯೂರ್ ಎಸ್‌ಎಂ58 ಅಂಥದ್ದು. ವೇದಿಕೆ ಮೇಲೆ ನೋಡಿರ್ತೀರಿ. ಬಾಯಿಂದ ನಾಲ್ಕು ಬೆರಳು ದೂರ ಇಟ್ರೆ ಹಾಡು ಮುಂದೆ, ಗಲಾಟೆ ಹಿಂದೆ. ಕಂಡೆನ್ಸರ್‌ಗೆ ಬೇಕಾಗೋ 48 ವೋಲ್ಟೂ ಇದಕ್ಕೆ ಬೇಡ.

ಆದ್ರೆ ಇದರ ಸಿಗ್ನಲ್ ಕಮ್ಮಿ. ಅದಕ್ಕೇ ದುಡ್ಡನ್ನ ಇಂಟರ್‌ಫೇಸ್‌ಗೆ, ಅಂದ್ರೆ ಮೈಕನ್ನ ಕಂಪ್ಯೂಟರಿಗೆ ಜೋಡಿಸೋ ಡಬ್ಬಿಗೆ ಹಾಕಿ. ಗೇನ್ ಏರಿಸಿದ್ರೂ ಸುಯ್ ಅನ್ನಬಾರದು. ಎರಡು ಮೈಕಿಗೆ ಜಾಗ ಇರಲಿ, ಸೊಲ್ಲು ಹಿಡಿಯೋರೂ ಇರ್ತಾರಲ್ಲ.

ಹೋದ ವಾರ ಅತ್ತೆ ಒಂದು ಹಾಡಿನ ಮೂರನೇ ನುಡಿ ಮರೆತ್ರು. ಇನ್ನೂ ಒಳ್ಳೇ ಮೈಕು ಹುಡುಕ್ತಾ ಕೂತ್ರೆ ಉಳಿದ ನುಡೀನೂ ಹೋಗತ್ತೆ.