'ನೀತಿ' ಎಂಬ ಪದ ಮತ್ತು ನಂಬಿಕೆಯ ನೀತಿ

ಕ್ರೈಸ್ತ ಕನ್ನಡ ಸಾಹಿತ್ಯವನ್ನು ನೀತಿಬೋಧೆಯ ಸಾಹಿತ್ಯವೆಂದು ವರ್ಗೀಕರಿಸಿ ಮುಂದೆ ಸಾಗುವುದು ಸುಲಭ. ಆ ಸಾಹಿತ್ಯದಲ್ಲಿ ಮತ್ತೆ ಮತ್ತೆ ಬರುವ 'ನೀತಿ', 'ನೀತಿವಂತ' ಎಂಬ ಪದಗಳೇ ಈ ವರ್ಗೀಕರಣವನ್ನು ಸಮರ್ಥಿಸುವಂತೆ ತೋರುತ್ತವೆ. ಆದರೆ ಪ್ರಾಟೆಸ್ಟಂಟ್ ಮಿಶನರಿಗಳು ಕನ್ನಡಕ್ಕೆ ತಂದ ಬೋಧೆಯ ತಿರುಳು ಇದಕ್ಕೆ ವಿರುದ್ಧವಾದುದು. ಮನುಷ್ಯನು ತನ್ನ ಸದಾಚಾರದ ಬಲದಿಂದ ದೇವರ ಮುಂದೆ ನೀತಿವಂತನಾಗಲಾರನು ಎಂಬುದೇ ಆ ಬೋಧೆ. ಪದವೊಂದರ ರೂಢಾರ್ಥವು ಸಿದ್ಧಾಂತವೊಂದನ್ನು ಮರೆಮಾಡುವ ಈ ಬಗೆಯು ನಮ್ಮ ಅಧ್ಯಯನದ ವಸ್ತುವಾಗಬೇಕೆಂಬುದು ಪ್ರಸ್ತುತ ಬರಹದ ಆಶಯ.

ಕನ್ನಡದಲ್ಲಿ 'ನೀತಿ' ಎಂದರೆ ನಡತೆಯ ವಿಧಾನ. ನೀತಿಶಾಸ್ತ್ರ, ರಾಜನೀತಿ, ನೀತಿಕಥೆ ಮೊದಲಾದ ಪ್ರಯೋಗಗಳಲ್ಲಿ ಮನುಷ್ಯನ ಪ್ರಯತ್ನವೇ ಪ್ರಧಾನ. ಪೌಲನು ಬಳಸಿದ 'ದಿಕಾಯೊಸುನೆ' ಎಂಬ ಗ್ರೀಕ್ ಪದಕ್ಕಾದರೋ ನ್ಯಾಯಸ್ಥಾನದ ಹಿನ್ನೆಲೆಯಿದೆ. ಅದಕ್ಕೆ ಸಂಬಂಧಿಸಿದ ಕ್ರಿಯಾಪದವು ನ್ಯಾಯಾಧಿಪತಿಯು ಒಬ್ಬನನ್ನು ನಿರ್ದೋಷಿಯೆಂದು ಘೋಷಿಸುವುದನ್ನು ಸೂಚಿಸುತ್ತದೆ. ರೋಮಾಪುರದವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯದಲ್ಲಿ ಪೌಲನು ಅಬ್ರಹಾಮನ ನಿದರ್ಶನವನ್ನು ಕೊಡುತ್ತಾನೆ. ಸುನ್ನತಿಗೂ ಮೊದಲೇ ಅವನ ನಂಬಿಕೆಯು ನೀತಿಯೆಂದು ಎಣಿಕೆಯಾಯಿತು ಎಂಬುದು ಅವನ ವಾದ. ಆದಿಕಾಂಡದ ಹದಿನೈದನೆಯ ಅಧ್ಯಾಯದ ಅದೇ ವಚನವನ್ನು ಯಾಕೋಬನ ಪತ್ರಿಕೆಯೂ ಉಲ್ಲೇಖಿಸುತ್ತದೆ. ಆದರೆ ಅದು ಇಸಾಕನ ಅರ್ಪಣೆಯನ್ನು ಮುಂದಿಟ್ಟು, ಕ್ರಿಯೆಯಿಲ್ಲದ ನಂಬಿಕೆ ನಿರ್ಜೀವವೆನ್ನುತ್ತದೆ. ಹೀಗೆ ವಿವಾದದ ಎರಡೂ ಎಳೆಗಳು ಮೂಲಗ್ರಂಥದಲ್ಲಿಯೇ ಇವೆ.

ಈ ವಿವಾದದ ಚರಿತ್ರೆಯು ಬಹುಮಟ್ಟಿಗೆ ಅನುವಾದದ ಚರಿತ್ರೆಯೂ ಆಗಿದೆ. ಲ್ಯಾಟಿನ್ ಭಾಷೆಯಲ್ಲಿ ಬಳಕೆಗೆ ಬಂದ ಪದವು 'ನೀತಿವಂತನನ್ನಾಗಿ ಮಾಡು' ಎಂಬ ಅರ್ಥಕ್ಕೆ ಎಡೆಗೊಟ್ಟಿತು. ಅಗಸ್ಟೀನನು ಅದನ್ನು ಹಾಗೆಯೇ ಗ್ರಹಿಸಿದನು. 1522ರಲ್ಲಿ ಪ್ರಕಟವಾದ ಜರ್ಮನ್ ಹೊಸ ಒಡಂಬಡಿಕೆಯಲ್ಲಿ ಮಾರ್ಟಿನ್ ಲೂಥರನು ಪೌಲನ ವಾಕ್ಯವೊಂದಕ್ಕೆ ಮೂಲದಲ್ಲಿಲ್ಲದ 'ಮಾತ್ರ' ಎಂಬರ್ಥದ ಪದವನ್ನು ಸೇರಿಸಿದನು. ಜರ್ಮನ್ ನುಡಿಯ ಜಾಯಮಾನವೂ ಪೌಲನ ಅಭಿಪ್ರಾಯವೂ ಅದನ್ನು ಬೇಡುತ್ತವೆಂದು 1530ರಲ್ಲಿ ಸಮರ್ಥಿಸಿಕೊಂಡನು. 1547ರಲ್ಲಿ ಟ್ರೆಂಟ್ ಮಹಾಸಭೆಯು ಕೃಪೆಯೇ ಮೊದಲೆಂಬುದನ್ನು ಒಪ್ಪಿಯೂ ಮನುಷ್ಯನ ಸಹಕಾರ ಮತ್ತು ಆಂತರಿಕ ನವೀಕರಣಗಳನ್ನು ಎತ್ತಿಹಿಡಿಯಿತು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಲೂಥರನ್ ಮತ್ತು ಕ್ಯಾಥೊಲಿಕ್ ಪ್ರತಿನಿಧಿಗಳು ಸಂಯುಕ್ತ ಘೋಷಣೆಗೆ ಸಹಿ ಮಾಡಿದರೂ ಎಲ್ಲ ಭಿನ್ನಾಭಿಪ್ರಾಯಗಳೂ ಅಳಿಯಲಿಲ್ಲ.

ಕನ್ನಡದ ಅನುವಾದಕರಿಗೂ ಈ ತೊಡಕು ತಪ್ಪಲಿಲ್ಲ. 'ನೀತಿವಂತನೆಂದು ನಿರ್ಣಯಿಸು' ಎಂಬ ಪ್ರಯೋಗವನ್ನು ಗಮನಿಸಬೇಕು. ಇಲ್ಲಿ 'ನೀತಿವಂತ' ಪದವು ನಡತೆಯ ಕಡೆಗೆ ಎಳೆದರೆ, 'ನಿರ್ಣಯಿಸು' ಎಂಬುದು ಅದನ್ನು ನ್ಯಾಯಸ್ಥಾನಕ್ಕೆ ಮರಳಿ ತರುತ್ತದೆ. ಪ್ರಾಟೆಸ್ಟಂಟರ 'ನಂಬಿಕೆ', ಕ್ಯಾಥೊಲಿಕರ 'ವಿಶ್ವಾಸ' ಎಂಬ ರೂಢಿಭೇದವೂ ಪರಿಶೀಲನೆಗೆ ಅರ್ಹವಾದುದು. ಇವು ಕೇವಲ ಪರ್ಯಾಯಪದಗಳಲ್ಲ, ಎರಡು ಪರಂಪರೆಗಳ ಗುರುತುಗಳು.

ಇಲ್ಲಿ ತೌಲನಿಕ ಅಧ್ಯಯನದ ಆಕರ್ಷಣೆ ಸಹಜ. ಮರಿಯು ತಾಯಿಯನ್ನು ತಾನೇ ಹಿಡಿದುಕೊಳ್ಳುವ ಮರ್ಕಟನ್ಯಾಯ, ತಾಯಿಯೇ ಮರಿಯನ್ನು ಕಚ್ಚಿ ಒಯ್ಯುವ ಮಾರ್ಜಾಲನ್ಯಾಯ ಎಂಬ ಶ್ರೀವೈಷ್ಣವ ದೃಷ್ಟಾಂತಗಳು ಪ್ರಯತ್ನ ಮತ್ತು ಕೃಪೆಗಳ ಪ್ರಶ್ನೆಯನ್ನೇ ಎತ್ತುತ್ತವೆ. 1834ರಿಂದ ಮಂಗಳೂರಿನಲ್ಲಿ ನೆಲೆಯೂರಿದ ಬಾಸೆಲ್ ಮಿಶನ್ನಿನ ಮೊಗ್ಲಿಂಗ್ ದಾಸರ ಪದಗಳನ್ನು ಅಚ್ಚು ಹಾಕಿಸಿದವನು. ಭಕ್ತಿಯ ಭಾಷೆ ಮಿಶನರಿಗಳಿಗೆ ಅಪರಿಚಿತವಾಗಿರಲಿಲ್ಲ. ಆದರೆ ಹೋಲಿಕೆಯಿರುವಲ್ಲೆಲ್ಲ ಅಭೇದವನ್ನು ಕಾಣುವುದು ಸಾಧುವಲ್ಲ. ಪ್ರಪತ್ತಿಯ ಪ್ರಶ್ನೆ ಶರಣಾಗತನ ರಕ್ಷಣೆಯದು; ಪೌಲನ ಪ್ರಶ್ನೆ ಅಪರಾಧಿಯ ಬಿಡುಗಡೆಯದು, ಮತ್ತು ಅದು ಕ್ರಿಸ್ತನ ಮರಣವೆಂಬ ಒಂದು ಘಟನೆಗೆ ಕಟ್ಟಲ್ಪಟ್ಟಿದೆ.

ನಂಬಿಕೆಯೇ ಸಾಕಾದರೆ ಸತ್ಕಾರ್ಯಕ್ಕೆ ಎಡೆಯೆಲ್ಲಿ ಎಂಬ ಆಕ್ಷೇಪ ಹಳೆಯದು. ಪೌಲನ ಪತ್ರಿಕೆಯ ಆರನೆಯ ಅಧ್ಯಾಯವು ಅದನ್ನೇ ಎದುರಿಸುತ್ತದೆ. ಅವನು ಪ್ರಯತ್ನವನ್ನು ತಳ್ಳಿಹಾಕುವುದಿಲ್ಲ, ಅದರ ಸ್ಥಾನವನ್ನು ಬದಲಿಸುತ್ತಾನೆ. ಸತ್ಕಾರ್ಯವು ನೀತಿಗೆ ಕಾರಣವಲ್ಲ, ನೀತಿಯ ಫಲ. ಈ ಕಾರ್ಯಕಾರಣ ವಿಪರ್ಯಯವನ್ನು ಗ್ರಹಿಸದೆ ಮಿಶನರಿ ಕಾಲದ ಕನ್ನಡ ಕೀರ್ತನೆಗಳನ್ನಾಗಲಿ ಕರಪತ್ರಗಳನ್ನಾಗಲಿ ಓದಿದರೆ, ಕೃತಜ್ಞತೆಯ ಮಾತು ಉಪದೇಶವಾಗಿ ಕೇಳಿಸುತ್ತದೆ.

ಆದ್ದರಿಂದ ಕ್ರೈಸ್ತ ಕನ್ನಡದ ಪಾರಿಭಾಷಿಕ ಪದಗಳ ಚಾರಿತ್ರಿಕ ಕೋಶವೊಂದು ಇಂದಿನ ಅಗತ್ಯ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಕೈಗೊಂಡ ಅನುವಾದದಿಂದ ಮೊದಲ್ಗೊಂಡು ಇತ್ತೀಚಿನ ಪರಿಷ್ಕರಣಗಳವರೆಗೆ ನೀತಿ, ನಂಬಿಕೆ, ಕೃಪೆ, ಕ್ರಿಯೆ ಎಂಬ ನಾಲ್ಕು ಪದಗಳನ್ನಾದರೂ ಜಾಡು ಹಿಡಿದು ನೋಡಬೇಕು. ಒಂದು ಸಮುದಾಯವು ತನ್ನ ಬಿಡುಗಡೆಯನ್ನು ಯಾವ ಕನ್ನಡದಲ್ಲಿ ಅರಿತುಕೊಂಡಿತೆಂಬ ಪ್ರಶ್ನೆಯನ್ನು ದೇವತಾಶಾಸ್ತ್ರದವರಿಗೆ ಮಾತ್ರ ಬಿಟ್ಟುಕೊಡುವುದು ಕನ್ನಡ ವಿಭಾಗಗಳಿಗೆ ಉಚಿತವಲ್ಲ.