ಯಂತ್ರ ಬಂತು, ತಂತಿ ಜೋಡಿಸುವವರು ಯಾರು?

2025ರ ಜುಲೈ ತಿಂಗಳಲ್ಲಿ ಬೆಂಗಳೂರು ಮತ್ತು ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಾಗುತ್ತಲೇ ಸಾಲು ಬೆಳೆಯುತ್ತಿತ್ತು. ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರೆಂಬ ಸುದ್ದಿ ಮನೆಮನೆಯ ಮೊಬೈಲಿಗೆ ತಲುಪಿತ್ತು. ಎದೆ ನೋವಿದ್ದವರೂ ಬಂದರು, ಏನೂ ಇಲ್ಲದೆ ಬರೀ ಭಯ ಹೊತ್ತವರೂ ಬಂದರು. ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಪರಿಶೀಲಿಸಿ, ಅಸಹಜ ಏರಿಕೆಯೇನೂ ಕಂಡಿಲ್ಲವೆಂದು ವರದಿ ಕೊಟ್ಟಿತು. ಗಾಬರಿ ಇಳಿಯಿತು, ಸಾಲು ಕರಗಿತು.

ಆ ದಿನಗಳಲ್ಲಿ ಟಿವಿ ಚರ್ಚೆಗಳಲ್ಲಿ ಕೂತವರು ಹೃದ್ರೋಗ ತಜ್ಞರು, ಸಚಿವರು, ಯೋಗ ಗುರುಗಳು. ಸಾಲಿನಲ್ಲಿ ನಿಂತವರ ಅಂಗಿ ಬಿಚ್ಚಿಸಿ, ಮಂಚದ ಮೇಲೆ ಮಲಗಿಸಿ, ಎದೆಗೆ ಜೆಲ್ ಹಚ್ಚಿ, ಹತ್ತು ತಂತಿ ಜೋಡಿಸಿ ಇಸಿಜಿ ತೆಗೆದವರನ್ನು ಯಾರೂ ಕರೆಯಲಿಲ್ಲ. ಹೃದಯದ ವಿಷಯದಲ್ಲಿ ರೋಗಿಯನ್ನು ಮೊದಲು ಮುಟ್ಟುವ ಕೈ ಬಹುಪಾಲು ವೈದ್ಯರದ್ದಲ್ಲ, ಟೆಕ್ನಿಷಿಯನ್‌ದು. ಬ್ರಿಟನ್ನಿನಲ್ಲಿ ಕಾರ್ಡಿಯಾಕ್ ಫಿಸಿಯಾಲಜಿಸ್ಟ್ ಎಂದು ಗೌರವದಿಂದ ಕರೆಸಿಕೊಳ್ಳುವ ಈ ಕೆಲಸ ನಮ್ಮಲ್ಲಿ ಆಸ್ಪತ್ರೆಯ ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿದೆ. ಹಲವು ಕಡೆ ಅದು ಹೊರಗುತ್ತಿಗೆ. ಇನ್ನು ಕೆಲವು ಕಡೆ ಹುದ್ದೆಯೇ ಇಲ್ಲ. ಆ ಹೊತ್ತಿಗೆ ಕೈ ಬಿಡುವಾಗಿರುವ ಯಾರೋ ಒಬ್ಬರು ‘ಇಸಿಜಿ ಎಳೆದು’ ಕೊಡುತ್ತಾರೆ.

ಎಳೆದರೆ ಏನಾಯಿತು, ಯಂತ್ರ ತಾನೇ ಬರೆಯುತ್ತದಲ್ಲ ಎನ್ನುವವರು ಒಮ್ಮೆ ಆ ಕೋಣೆಯೊಳಗೆ ನಿಂತು ನೋಡಬೇಕು.

ಕೈಕಾಲಿನ ನಾಲ್ಕು ತಂತಿಗಳಿಗೆ ಬಣ್ಣದ ಲೆಕ್ಕವಿದೆ: ಬಲಗೈಗೆ ಕೆಂಪು, ಎಡಗೈಗೆ ಹಳದಿ, ಎಡಗಾಲಿಗೆ ಹಸಿರು, ಬಲಗಾಲಿಗೆ ಕಪ್ಪು. ರಾತ್ರಿ ಪಾಳಿಯ ಅವಸರದಲ್ಲಿ ಕೆಂಪು ಹಳದಿ ಅದಲುಬದಲಾದರೆ ಮೊದಲನೇ ಲೀಡ್ ತಲೆಕೆಳಗಾಗಿ ಬರುತ್ತದೆ, ಆರೋಗ್ಯವಂತನ ಹಾಳೆಯೂ ರೋಗಿಷ್ಠನದ್ದರಂತೆ ಕಾಣುತ್ತದೆ. ಎದೆಯ ಆರು ತಂತಿಗಳದ್ದು ಇನ್ನೂ ಸೂಕ್ಷ್ಮ. ಕುತ್ತಿಗೆಯ ಬುಡದ ಗುಳಿಯಿಂದ ಬೆರಳನ್ನು ಕೆಳಕ್ಕೆ ಜಾರಿಸಿದರೆ ಎದೆಮೂಳೆಯ ಮೇಲೆ ಒಂದು ಸಣ್ಣ ಉಬ್ಬು ಸಿಗುತ್ತದೆ. ಅದರ ಪಕ್ಕದ್ದು ಎರಡನೆಯ ಪಕ್ಕೆಲುಬು. ಅಲ್ಲಿಂದ ಸಂದುಗಳನ್ನು ಎಣಿಸುತ್ತ ಇಳಿದು ನಾಲ್ಕನೆಯ ಸಂದಿನಲ್ಲಿ ಎದೆಮೂಳೆಯ ಬಲಕ್ಕೆ ವಿ1, ಎಡಕ್ಕೆ ವಿ2 ಇಡಬೇಕು. ಕಲಿತವರ ಬೆರಳಿಗೆ ಇದು ಕೆಲವೇ ಸೆಕೆಂಡುಗಳ ಕೆಲಸ. ಕಲಿಯದವರು ಕಣ್ಣಳತೆಯಲ್ಲಿ ಒಂದೆರಡು ಸಂದು ಮೇಲೆ ಅಂಟಿಸಿಬಿಡುತ್ತಾರೆ. ಆಗ ಹಾಳೆಯಲ್ಲಿ ಇಲ್ಲದ ಹಳೆಯ ಹೃದಯಾಘಾತದ ಗುರುತು ಮೂಡಬಹುದು. ಆ ಹಾಳೆ ನೋಡಿದ ವೈದ್ಯರು ಎಕೋ (ಹೃದಯದ ಶಬ್ದತರಂಗ ಪರೀಕ್ಷೆ) ಬರೆಯುತ್ತಾರೆ, ಆಮೇಲೆ ಆಂಜಿಯೋಗ್ರಾಂ ಮಾತೂ ಬರಬಹುದು. ಸಾಲದ ಲೆಕ್ಕ ಶುರುವಾಗುವುದು ಅಲ್ಲಿಂದ.

ಹೆಂಗಸರ ವಿಷಯದಲ್ಲಿ ಈ ತಪ್ಪಿಗೆ ಇನ್ನೊಂದು ಕಾರಣ ಸೇರುತ್ತದೆ. ಪರದೆ ಇಲ್ಲದ ವಾರ್ಡು, ಗಂಡಸು ಟೆಕ್ನಿಷಿಯನ್, ಸೆರಗು ಬಿಗಿಹಿಡಿದ ರೋಗಿ. ವಿ4ರಿಂದ ವಿ6ರವರೆಗಿನ ತಂತಿಗಳು ಸ್ತನದ ಕೆಳಗೆ ಹೋಗಬೇಕಾದವು, ಸಂಕೋಚಕ್ಕೆ ಮೇಲೆಯೇ ಕೂರುತ್ತವೆ. ಎದೆಯುರಿ, ಸುಸ್ತು, ‘ಗ್ಯಾಸ್ಟ್ರಿಕ್’ ಎಂದುಕೊಂಡು ಮೊದಲೇ ತಡವಾಗಿ ಬಂದ ಹೆಂಗಸಿಗೆ ಹಾಳೆಯೂ ಸರಿಯಾಗಿ ಸಿಗುವುದಿಲ್ಲ. ತಾಳಿ ಬಿಚ್ಚಬೇಕಾ ಎಂದು ಗಾಬರಿಯಿಂದ ಕೇಳುವವರಿಗೆ ‘ಬೇಡಮ್ಮ, ಪಕ್ಕಕ್ಕೆ ಸರಿಸಿಕೊಳ್ಳಿ ಸಾಕು’ ಎನ್ನುವ ಒಬ್ಬ ಹೆಣ್ಣುಮಗಳು ಆ ಕೋಣೆಯಲ್ಲಿದ್ದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಇದಕ್ಕೆ ಹೊಸ ತಂತ್ರಜ್ಞಾನವೇನೂ ಬೇಕಿಲ್ಲ, ಒಂದು ಪರದೆ ಮತ್ತು ಒಂದು ನೇಮಕಾತಿ ಬೇಕು.

ಇಸಿಜಿ ಹುಟ್ಟಿದ್ದೇ ಹಲವು ಕೈಗಳ ನಡುವೆ. ನೆದರ್‌ಲ್ಯಾಂಡ್ಸಿನ ಲೈಡನ್‌ನಲ್ಲಿ ವಿಲ್ಲೆಮ್ ಐಂಥೋವನ್ 20ನೇ ಶತಮಾನದ ಆರಂಭದಲ್ಲಿ ಕಟ್ಟಿದ ಯಂತ್ರ ಸುಮಾರು 270 ಕಿಲೋ ತೂಗುತ್ತಿತ್ತು, ನಡೆಸಲು ಐದು ಜನ ಬೇಕಿತ್ತು. ರೋಗಿ ಕೈಕಾಲನ್ನು ಉಪ್ಪುನೀರಿನ ತೊಟ್ಟಿಗಳಲ್ಲಿ ಅದ್ದಿ ಕೂರಬೇಕಿತ್ತು. ಈ ಸಂಶೋಧನೆಗೆ ಐಂಥೋವನ್‌ಗೆ 1924ರಲ್ಲಿ ನೊಬೆಲ್ ಬಂತು. ಈಗ ಯಂತ್ರ ಬ್ಯಾಗಿನಲ್ಲಿ ಹಿಡಿಯುತ್ತದೆ, ಐದು ಜನರ ಜಾಗದಲ್ಲಿ ಒಬ್ಬರಿದ್ದಾರೆ. ಆ ಒಬ್ಬರೂ ಬೇಡ ಎನ್ನುವ ಹಂತಕ್ಕೆ ನಮ್ಮ ಆಡಳಿತ ಬಂದಂತಿದೆ.

ಎಕೋ ಕೋಣೆಯಲ್ಲಂತೂ ಕೈಯ ಮಹತ್ವ ಇನ್ನೂ ಹೆಚ್ಚು. ಹಡಗುಕಟ್ಟೆಯಲ್ಲಿ ಲೋಹದ ಬಿರುಕು ಹುಡುಕಲು ಬಳಸುತ್ತಿದ್ದ ಶಬ್ದತರಂಗದ ಉಪಕರಣವನ್ನು ಸ್ವೀಡನ್ನಿನ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ 1953ರಲ್ಲಿ ಹೃದಯದ ಮೇಲಿಟ್ಟು ನೋಡಿದ್ದರಿಂದ ಈ ಪರೀಕ್ಷೆ ಹುಟ್ಟಿತು. ಇಸಿಜಿಯಲ್ಲಿ ತಂತಿ ಸರಿಯಾದ ಜಾಗಕ್ಕೆ ಕೂತರೆ ಉಳಿದದ್ದನ್ನು ಬಹುಪಾಲು ಯಂತ್ರ ನೋಡಿಕೊಳ್ಳುತ್ತದೆ. ಎಕೋದಲ್ಲಿ ಹಾಗಲ್ಲ, ಪ್ರೋಬ್ ಹಿಡಿದ ಕೈ ಪ್ರತಿ ಕ್ಷಣವೂ ನಿರ್ಧಾರ ಮಾಡುತ್ತಿರುತ್ತದೆ. ಕೋನ ಕೊಂಚ ಓರೆಯಾದರೆ ಹೃದಯದ ತುದಿ ಚಿತ್ರದಿಂದ ಕತ್ತರಿಸಿಹೋಗಿ, ದುರ್ಬಲ ಹೃದಯವೂ ಚೆನ್ನಾಗಿ ಪಂಪ್ ಮಾಡುತ್ತಿರುವಂತೆ ಕಾಣುತ್ತದೆ. ರಕ್ತದ ಹರಿವಿನ ದಿಕ್ಕಿಗೆ ಡಾಪ್ಲರ್ ಕಿರಣ ಹೊಂದದಿದ್ದರೆ ತೀವ್ರವಾಗಿ ಕಿರಿದಾದ ಕವಾಟ ‘ಸಾಧಾರಣ’ ಎಂದು ದಾಖಲಾಗುತ್ತದೆ. ಬ್ರಿಟನ್ನಿನ ಎಕೋಕಾರ್ಡಿಯೋಗ್ರಫಿ ಸೊಸೈಟಿ ಮಾನ್ಯತೆ ಕೊಡುವ ಮೊದಲು ಲಿಖಿತ, ಪ್ರಾಯೋಗಿಕ ಪರೀಕ್ಷೆಗಳ ಜೊತೆಗೆ 250 ರೋಗಿಗಳ ಎಕೋ ಮಾಡಿದ ದಾಖಲೆ ಪುಸ್ತಕ ಕೇಳುತ್ತದೆ. ಅಲ್ಲಿ ಫಿಸಿಯಾಲಜಿಸ್ಟ್‌ಗಳು ಸ್ವತಃ ಎಕೋ ಮಾಡಿ ವರದಿಯನ್ನೂ ಬರೆಯುತ್ತಾರೆ. ನಮ್ಮ ಅನೇಕ ಖಾಸಗಿ ಆಸ್ಪತ್ರೆಗಳಲ್ಲೂ ಪ್ರೋಬ್ ಹಿಡಿಯುವವರು ಟೆಕ್ನಿಷಿಯನ್ನರೇ. ಹಾಳೆಯ ಕೆಳಗಿನ ಸಹಿ ಮಾತ್ರ ಬೇರೆಯವರದ್ದು. ಕೆಲಸ ಮಾಡಿಸಿಕೊಂಡು ಹೊಣೆ ಮತ್ತು ಹೆಸರು ಎರಡನ್ನೂ ಮರೆಮಾಚುವ ಈ ಪದ್ಧತಿ ರೋಗಿಗೂ ಒಳ್ಳೆಯದಲ್ಲ, ಸಹಿ ಹಾಕುವ ವೈದ್ಯರಿಗೂ ಒಳ್ಳೆಯದಲ್ಲ.

ಆಂಜಿಯೋಗ್ರಾಂ ಮಾಡುವ ಕ್ಯಾಥ್ ಲ್ಯಾಬಿನ ಒಂದು ದೃಶ್ಯ ನೋಡಿ. ಸೀಸದ ಏಪ್ರನ್ ತೊಟ್ಟ ವೈದ್ಯರ ಕಣ್ಣು ಎಕ್ಸ್-ರೇ ಪರದೆಯ ಮೇಲೆ, ಕೈ ಕ್ಯಾಥೆಟರ್ ಮೇಲೆ. ರಕ್ತದೊತ್ತಡದ ಅಲೆ ಓಡುವ ಮಾನಿಟರ್ ಮುಂದೆ ಟೆಕ್ನಿಷಿಯನ್ ಕೂತಿರುತ್ತಾರೆ. ಎಡಭಾಗದ ಮುಖ್ಯ ರಕ್ತನಾಳದ ಬಾಯಿಗೆ ಕ್ಯಾಥೆಟರ್ ಬಿಗಿಯಾಗಿ ಸಿಕ್ಕಿಕೊಂಡರೆ ಹೃದಯಕ್ಕೆ ಹೋಗುವ ರಕ್ತಕ್ಕೇ ತಡೆಯಾಗುತ್ತದೆ. ಎತ್ತರದ ಅಲೆ ಇದ್ದಕ್ಕಿದ್ದಂತೆ ಚಪ್ಪಟೆಯಾಗುತ್ತದೆ. ‘ಸರ್, ಪ್ರೆಷರ್ ಡ್ಯಾಂಪ್ ಆಗ್ತಿದೆ’ ಎಂಬ ಕೂಗು ತಕ್ಷಣ ಬರಬೇಕು, ವೈದ್ಯರು ತಕ್ಷಣ ಹಿಂದೆಳೆಯಬೇಕು. ಆ ಕೂಗು ತಡವಾದರೆ ಹೃದಯದ ಲಯವೇ ತಪ್ಪಬಹುದು. ಹಿರಿಯ ವೈದ್ಯರಿಗೆ ಹೀಗೆ ಜೋರಾಗಿ ಹೇಳುವ ಧೈರ್ಯ ಗುತ್ತಿಗೆ ನವೀಕರಣಕ್ಕಾಗಿ ಪ್ರತಿ ವರ್ಷ ಕೈಕಟ್ಟಿ ನಿಲ್ಲುವವರಿಗೆ ಎಲ್ಲಿಂದ ಬರಬೇಕು?

ಪೇಸ್‌ಮೇಕರ್ ತಪಾಸಣೆಯ ಕಥೆ ಬೇರೆ. ಅನೇಕ ಆಸ್ಪತ್ರೆಗಳಲ್ಲಿ ಪ್ರೋಗ್ರಾಮರ್ ಯಂತ್ರ ಹಿಡಿದು ರೋಗಿಯ ಮುಂದೆ ಕೂರುವವರು ಆಸ್ಪತ್ರೆಯ ಸಿಬ್ಬಂದಿಯಲ್ಲ, ಪೇಸ್‌ಮೇಕರ್ ಮಾರಿದ ಕಂಪನಿಯ ಪ್ರತಿನಿಧಿ. ಬ್ಯಾಟರಿ ಇನ್ನೆಷ್ಟು ದಿನ ಬರುತ್ತದೆ ಎಂದು ಹೇಳುವವರೂ ಹೊಸದನ್ನು ಮಾರುವವರೂ ಒಂದೇ ಕಂಪನಿಯವರಾದರೆ, ಅವರು ಎಷ್ಟೇ ಪ್ರಾಮಾಣಿಕರಾಗಿರಲಿ, ವ್ಯವಸ್ಥೆ ಸರಿಯಿಲ್ಲ.

ಕರ್ನಾಟಕ ಈ ವಿಷಯದಲ್ಲಿ ಏನೂ ಮಾಡಿಲ್ಲವೆಂದರೆ ಅನ್ಯಾಯವಾದೀತು. 2021ರ ಅಕ್ಟೋಬರ್ 29ರಂದು 46ರ ಹರೆಯದಲ್ಲೇ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಶುರುವಾದ ‘ಹೃದಯ ಜ್ಯೋತಿ’ ಯೋಜನೆ ದೇಶದ ಬೇರೆ ರಾಜ್ಯಗಳೂ ನೋಡಿ ಕಲಿಯಬೇಕಾದಂಥದ್ದು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಕೃತಕ ಬುದ್ಧಿಮತ್ತೆಯ ನೆರವಿನಿಂದ ಕೆಲವೇ ನಿಮಿಷಗಳಲ್ಲಿ ತಜ್ಞರನ್ನು ತಲುಪುತ್ತದೆ. ಹೃದಯಾಘಾತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಟ್ಟು, ದೊಡ್ಡ ಆಸ್ಪತ್ರೆಗೆ ಸಾಗಿಸುತ್ತಾರೆ. ಎದೆ ನೋವೆಂದು ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕೆಂಬುದು ಜಗತ್ತಿನೆಲ್ಲೆಡೆ ಒಪ್ಪಿದ ಮಾತು. ಹಳ್ಳಿಯಿಂದ ಆಟೋದಲ್ಲಿ ಬಂದವರಿಗೂ ಅದು ದಕ್ಕುವಂತೆ ಮಾಡಲು ಹೊರಟದ್ದು ಸಣ್ಣ ಸಾಧನೆಯಲ್ಲ. ಹಾಸನದ ಪ್ರಕರಣದ ನಂತರ ಯೋಜನೆಯನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ಒಯ್ಯುವುದಾಗಿ ಸರ್ಕಾರ ಹೇಳಿದೆ.

ಆದರೆ ಕಂಪ್ಯೂಟರ್ ಓದುವುದು ತನ್ನ ಮುಂದೆ ಬಂದ ಗೆರೆಯನ್ನು. ರೋಗಿ ಚಳಿಗೆ ನಡುಗಿದ್ದರಿಂದ ಬಂದ ಗೀಚಾಟವನ್ನೋ, ಒಣಗಿದ ಜೆಲ್ಲಿನಿಂದ ಸಡಿಲಾದ ಎದೆಯ ತಂತಿಯ ಏರಿಳಿತವನ್ನೋ ತಜ್ಞರ ಕಣ್ಣು ಹಿಡಿದು, ಇನ್ನೊಮ್ಮೆ ತೆಗೆಯಿರಿ ಎಂದು ಹೇಳಿಕಳಿಸಬಹುದು. ಅಷ್ಟರಲ್ಲಿ ನಿಮಿಷಗಳು ಹೋಗಿರುತ್ತವೆ. ತಂತಿ ಒಂದು ಸಂದು ಮೇಲಿದೆ ಎಂಬುದು ಮಾತ್ರ ದೂರದಲ್ಲಿ ಕೂತ ಯಾವ ತಜ್ಞರಿಗೂ ಹಾಳೆ ನೋಡಿ ಖಚಿತವಾಗಿ ತಿಳಿಯುವುದು ಕಷ್ಟ. ಅದು ಗೊತ್ತಾಗುವುದು ಮಂಚದ ಪಕ್ಕ ನಿಂತವರಿಗೆ ಮಾತ್ರ.

ಎಲ್ಲಕ್ಕೂ ಪದವೀಧರರೇ ಬೇಕೆಂಬ ವಾದ ಇದಲ್ಲ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೂ ಅಲ್ಲಿನ ವೈದ್ಯರಿಗೂ ಇಸಿಜಿ ಯಂತ್ರಗಳನ್ನು ಹಂಚಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಹಾಳೆಗಳನ್ನು ನೋಡಿ ಸಲಹೆ ಕೊಡುವ ‘ಮನೆ ಬಾಗಿಲಿಗೆ ಹೃದ್ರೋಗ ಚಿಕಿತ್ಸೆ’ಯ ಅಭಿಯಾನ ನಡೆಸುತ್ತ ಬಂದಿದ್ದಾರೆ. ಹಳ್ಳಿಯ ಸಾಮಾನ್ಯ ಕೈಗಳೂ ಒಳ್ಳೆಯ ಇಸಿಜಿ ತೆಗೆಯಬಲ್ಲವು ಎಂಬುದಕ್ಕೆ ಇದೇ ಸಾಕ್ಷಿ. ಅಲ್ಲಿ ಹಾಳೆ ಕಳಿಸಿದವರಿಗೆ ಆ ಕಡೆಯಿಂದ ಉತ್ತರ ಬರುತ್ತದೆ, ತಪ್ಪಿದ್ದರೆ ಗೊತ್ತಾಗುತ್ತದೆ, ಮುಂದಿನ ಬಾರಿ ತಿದ್ದಿಕೊಳ್ಳುತ್ತಾರೆ. ಹಾಳೆ ಕೊಟ್ಟು ಮರೆತುಬಿಡುವ ಕಡೆ ತಪ್ಪೇ ಅಭ್ಯಾಸವಾಗುತ್ತದೆ.

ಕಲಿತವರ ಕೊರತೆ ಇದೆ ಎನ್ನುವಂತೆಯೂ ಇಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ಕಾರ್ಡಿಯಾಕ್ ಕೇರ್ ಟೆಕ್ನಾಲಜಿಯಲ್ಲಿ ಬಿ.ಎಸ್ಸಿ. ಇದೆ. ಪಿಯುಸಿಯಲ್ಲಿ ವಿಜ್ಞಾನ ಓದಿದ ಊರುಕೇರಿಯ ಹುಡುಗ ಹುಡುಗಿಯರು ಸಾಲ ಮಾಡಿಯಾದರೂ ಇದಕ್ಕೆ ಸೇರುತ್ತಿದ್ದಾರೆ. ಓದು ಮುಗಿದ ಮೇಲೆ ಅವರ ದಾರಿ ಬೆಂಗಳೂರಿನ ಖಾಸಗಿ ಆಸ್ಪತ್ರೆ, ಆಮೇಲೆ ಸಾಧ್ಯವಾದರೆ ಕೊಲ್ಲಿ ದೇಶ ಇಲ್ಲವೇ ಬ್ರಿಟನ್. ಹುಟ್ಟಿದ ತಾಲ್ಲೂಕಿನ ಆಸ್ಪತ್ರೆಯಲ್ಲಿ ಅವರಿಗೆ ಕುರ್ಚಿಯಿಲ್ಲ.

ಕಾನೂನಿದೆ. ಸಂಸತ್ತು 2021ರಲ್ಲೇ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿ, ಇಸಿಜಿ, ಎಕೋ ತಂತ್ರಜ್ಞರನ್ನೂ ಕಾರ್ಡಿಯೋವ್ಯಾಸ್ಕ್ಯುಲರ್ ತಂತ್ರಜ್ಞರನ್ನೂ ಅದರ ಪಟ್ಟಿಗೆ ಸೇರಿಸಿತು. ರಾಜ್ಯಗಳು ತಮ್ಮ ಪರಿಷತ್ತು ರಚಿಸಿ ಹೆಸರು ನೋಂದಾಯಿಸಬೇಕಿತ್ತು. ವರ್ಷಗಟ್ಟಲೆ ಹೆಚ್ಚಿನ ರಾಜ್ಯಗಳು ಸುಮ್ಮನಿದ್ದವು. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಗಡುವು ಕೊಟ್ಟು ಎಚ್ಚರಿಸಬೇಕಾಯಿತು. ಕರ್ನಾಟಕದಲ್ಲಿ ಈಗ ಪರಿಷತ್ತು ಇದೆ. ನೋಂದಣಿ ಪುಸ್ತಕದಲ್ಲಿ ಹೆಸರು ಬಂದ ಮಾತ್ರಕ್ಕೆ ಆಸ್ಪತ್ರೆಯಲ್ಲಿ ಹುದ್ದೆ ಹುಟ್ಟುವುದಿಲ್ಲ, ಅದಕ್ಕೆ ಹಣಕಾಸು ಇಲಾಖೆಯ ಮಂಜೂರಾತಿ ಬೇಕು.

ಹಣವೆಲ್ಲಿದೆ ಎಂಬ ಪ್ರಶ್ನೆ ಬರುತ್ತದೆ. ಲಕ್ಷಾಂತರ ರೂಪಾಯಿಯ ಉಪಕರಣ ಕೊಂಡು, ಅದನ್ನು ಬಳಸಬಲ್ಲವರು ಇಲ್ಲದೆ ಮೂಲೆಯಲ್ಲಿ ಹೊದಿಕೆ ಹೊದಿಸಿ ಇಡುವುದಕ್ಕೆ ಹಣ ಸಿಗುವ ರಾಜ್ಯದಲ್ಲಿ ಈ ಪ್ರಶ್ನೆಗೆ ಹೆಚ್ಚು ಬೆಲೆ ಕೊಡಬೇಕಿಲ್ಲ.

ಆದ್ದರಿಂದ ಆರೋಗ್ಯ ಇಲಾಖೆಗೆ ಒಂದು ಮನವಿ. ಹೃದಯ ಜ್ಯೋತಿ ವಿಸ್ತರಣೆಯ ಆದೇಶದಲ್ಲಿ ಯಂತ್ರ ಮತ್ತು ಚುಚ್ಚುಮದ್ದಿನ ಪಕ್ಕ ಮೂರನೆಯ ಕಲಮೂ ಇರಲಿ: ಪ್ರತಿ ತಾಲ್ಲೂಕು ಆಸ್ಪತ್ರೆಗೆ ಪಾಳಿಗೊಬ್ಬರಂತೆ ನೋಂದಾಯಿತ ಕಾರ್ಡಿಯಾಕ್ ಟೆಕ್ನಿಷಿಯನ್, ಅವರಲ್ಲಿ ಒಬ್ಬರಾದರೂ ಮಹಿಳೆ. ಹುದ್ದೆ ತುಂಬುವವರೆಗೆ ಅಲ್ಲಿನ ನರ್ಸುಗಳನ್ನು ಜಯದೇವದ ಇಸಿಜಿ ಕೋಣೆಗೆ ಕಳಿಸಿ, ಪಕ್ಕೆಲುಬು ಎಣಿಸುವುದನ್ನು ಕೈಹಿಡಿದು ಕಲಿಸಲಿ. ಓದುಗರೂ ಒಂದು ಕೆಲಸ ಮಾಡಬಹುದು. ಇಸಿಜಿ ಹಾಳೆಯ ಮೇಲೆ ಹೆಸರು, ತಾರೀಖು, ಸಮಯ ಇದೆಯೇ ನೋಡಿ, ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಹಳೆಯ ಹಾಳೆ ಜೊತೆಗಿದ್ದರೆ ಹೊಸ ಬದಲಾವಣೆ ಯಾವುದು, ಮೊದಲಿನಿಂದಲೂ ಇದ್ದದ್ದು ಯಾವುದು ಎಂದು ವೈದ್ಯರಿಗೆ ಬೇಗ ತಿಳಿಯುತ್ತದೆ. ಜೋಪಾನವಾಗಿರಲೆಂದು ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ; ಅದು ಶಾಖಕ್ಕೆ ಅಚ್ಚಾಗುವ ಕಾಗದ, ಬಿಸಿ ತಾಗಿದರೆ ಹಾಳೆಯೆಲ್ಲ ಕಪ್ಪಾಗುತ್ತದೆ.